ಅಳಿಯಂದಿರ ತೊಟ್ಟಿಯ ಕೊನ್ನಾರಿ

ಅಮೆರಿಕದಲ್ಲಿ ಆರು ತಿಂಗಳು ಏನು ಮಾಡಿದ್ರಿ ಅಂತ ಕೇಳಿದವರಿಗೆಲ್ಲ ‘ನಯಾಗರ ನೋಡಿದ್ವಿ’ ಅಂದುಬಿಡೋದು ಸುಲಭ. ನಿಮ್ಮ ಹತ್ರ ಮುಚ್ಚಿಡೋದೇನು, ಡಲ್ಲಾಸಿನಲ್ಲಿ ಮಗಳ ಮನೇಲಿ ನಾನು ಹೆಚ್ಚು ಹೊತ್ತು ಕೂತದ್ದು ಅಳಿಯಂದಿರ ಉಪ್ಪುನೀರಿನ ತೊಟ್ಟಿ ಮುಂದೆ. ಮೀನಿಗಿಂತ, ಕರೆಯದೇ ಬಂದು ಸೇರಿಕೊಂಡಿರ್ತಾವಲ್ಲ, ಅವುಗಳ ಆಟ ನೋಡೋದೇ ಮಜಾ ರೀ.

ಒಂದು ಬೆಳಿಗ್ಗೆ ಬಂಡೆಯ ಸಂದಿಯಲ್ಲಿ ಪುಟ್ಟದೊಂದು ಹೂವು. ಗಾಜಿನಂಥ ಕಂದು ಕಾಂಡ, ಮೇಲೆ ಸೇವಂತಿಗೆ ಎಸಳಿನ ಹಾಗೆ ಸಪೂರ ಎಳೆಗಳು. ‘ಎಷ್ಟು ಚೆನ್ನಾಗಿದೆಯಪ್ಪ!’ ಅಂದೆ. ಅಳಿಯಂದಿರ ಮುಖ ಹುಳಿ ಹಿಂಡಿದ ಹಾಗಾಯಿತು. ಐಪ್ಟೇಸಿಯಾ ಅಂತ ಅದರ ಹೆಸರಂತೆ. ಹೂವಲ್ಲ, ಪ್ರಾಣಿ. ಬಂಡೆಗೆ ಅಂಟಿಕೊಂಡು ಬಂದು, ಪಕ್ಕದ ಹವಳವನ್ನು ಕುಟುಕಿ ಕುಟುಕಿ ಜಾಗ ಹಿಡಿಯೋ ಪೈಕಿ. ಕಡ್ಡಿ ತಾಗಿದರೆ ಸಾಕು, ಸರಕ್ಕನೆ ತೂತಿನೊಳಗೆ ಮಾಯ. ‘ಕಿತ್ತು ಬಿಸಾಕಿ’ ಅಂದೆ. ಕೀಳೋ ಹಾಗಿಲ್ಲವಂತೆ, ಬುಡದ ಚೂರು ಉಳಿದರೂ ಅದೇ ಇನ್ನೊಂದಾಗುತ್ತೆ.

ನಮ್ಮಜ್ಜಿ ನೆನಪಾದರು ನೋಡಿ. ಹಿತ್ತಲಲ್ಲಿ ಕೊನ್ನಾರಿ. ಅಜ್ಜಿ ಸೆರಗು ಸಿಕ್ಕಿಸಿ ಕೂತು ಎಳೆಯೋರು, ಹುಲ್ಲು ಕೈಗೆ, ಗೆಡ್ಡೆ ಮಣ್ಣಿಗೆ. ಒಂದು ಮಳೆ ಬಿದ್ದ ನಾಲ್ಕನೇ ದಿನ ಮತ್ತೆ ಹಸಿರು ಸೂಜಿಗಳು. ‘ರಕ್ತಬೀಜಾಸುರನ ವಂಶ’ ಅಂತ ಬೈಕೊಂಡೇ ಮತ್ತೆ ಕೂರೋರು. ಅಜ್ಜಿ ಹೋಗಿ ಮೂವತ್ತು ವರ್ಷವಾಯ್ತು, ಕೊನ್ನಾರಿ ಇನ್ನೂ ಇದೆ, ಅಲ್ವಾ?

ಅಳಿಯಂದಿರ ಮದ್ದು ಏನು ಗೊತ್ತೇ? ಸುಣ್ಣ! ಕಾಲ್ಕ್‌ವಾಸರ್ ಅಂತ ಜರ್ಮನ್ ಹೆಸರಿನ ಡಬ್ಬಿ, ಅರ್ಥ ಸುಣ್ಣದ ನೀರು ಅಂತಲೇ. ಅದನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಪಂಪು ನಿಲ್ಲಿಸಿ, ಸಿರಿಂಜಿನಲ್ಲಿ ಐಪ್ಟೇಸಿಯಾದ ಬಾಯಿಗೇ ಬಿಡೋದು. ಒಂದೇ ದಿನ ಎಲ್ಲಕ್ಕೂ ಬಿಟ್ಟರೆ ನೀರಿನ ಕ್ಷಾರ ಏರಿ ಮೀನಿಗೆ ಕಷ್ಟ. ದಿನಕ್ಕೆ ಎರಡೋ ಮೂರೋ. ಎಲೆಅಡಿಕೆ ಹಾಕೋ ನಾನು ಸಿರಿಂಜು ಹಿಡಿಯೋಕೆ ಹೋದರೆ ಬಿಡಲಿಲ್ಲ.

ರಾತ್ರಿ ಟಾರ್ಚು ಬಿಟ್ಟರೆ ಬೇರೆಯದೇ ಲೋಕ. ಬಂಡೆಯ ಅಡಿಯಿಂದ ಕಂಬಳಿಹುಳದ ತಮ್ಮನ ಹಾಗೆ ಮೈತುಂಬ ಮುಳ್ಳಿನ ಹುಳ. ನಾನು ಚೀರಿದೆ. ‘ಇದು ನಮ್ಮ ಕಡೆಯದು ಅತ್ತೆ’ ಅಂದರು. ಮಿಕ್ಕ ಕೂಳು, ಸತ್ತ ಮೀನು ತಿಂದು ಗುಡಿಸೋದು ಅದರ ಕೆಲಸವಂತೆ. ಮುಟ್ಟಿದರೆ ಮಾತ್ರ ಮುಳ್ಳು ನೆಡುತ್ತೆ; ಸೆಲ್ಲೋಟೇಪು ಅಂಟಿಸಿ ಕೀಳಬೇಕು. ತೀರಾ ಜಾಸ್ತಿಯಾದರೆ ಮೀನಿಗೆ ಊಟ ಕಮ್ಮಿ ಹಾಕಿ, ಹುಳವೂ ಕಮ್ಮಿಯಾಗುತ್ತೆ. ಚೆಂದದ್ದು ಕಳ್ಳ, ಅಸಹ್ಯದ್ದು ಜಾಡಮಾಲಿ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದು ಸುಮ್ಮನೆಯೇ?

ಆದರೂ ಹುಳುಗಳಲ್ಲೂ ಕೇಡಿಗಳಿವೆ. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇ ಊರಿನ ಬ್ಲೂ ರೀಫ್ ಅಕ್ವೇರಿಯಮ್ಮಿನಲ್ಲಿ ಹವಳ ತುಂಡಾಗ್ತಿತ್ತಂತೆ, ಮೀನಿಗೆ ಗಾಯವಾಗ್ತಿತ್ತಂತೆ. ಕಳ್ಳ ಸಿಗಲೊಲ್ಲ. ಕೊನೆಗೆ ಬಂಡೆ ಒಂದೊಂದಾಗಿ ಇಳಿಸಿದರೆ ನಾಲ್ಕು ಅಡಿಯ ಹುಳ! ಅದಕ್ಕೆ ಬ್ಯಾರಿ ಅಂತ ಹೆಸರಿಟ್ಟು, ಬೇರೆ ತೊಟ್ಟಿ ಕೊಟ್ಟು ಸಾಕಿದರಂತೆ. ಕಳ್ಳನಿಗೆ ನಾಮಕರಣ ಮಾಡಿ ಪ್ರತ್ಯೇಕ ಮನೆ. ನಮ್ಮಲ್ಲಾಗಿದ್ದರೆ ಪೊರಕೆ.

ಸುಣ್ಣಕ್ಕೆ ಬಗ್ಗದೆ ಹೋದಾಗ ಅಳಿಯಂದಿರು ಐಪ್ಟೇಸಿಯಾ ತಿನ್ನೋ ಪೆಪ್ಪರ್‌ಮಿಂಟ್ ಸಿಗಡಿ ತಂದರು. ವಾರವಾದರೂ ಮುಟ್ಟಲಿಲ್ಲ. ನೋಡಿದರೆ ಬೆನ್ನು ಗೂನು! ಅಂಗಡಿಯವನು ಕೊಟ್ಟದ್ದು ಒಂಟೆ ಸಿಗಡಿ. ಬಣ್ಣ ಹೆಚ್ಚುಕಮ್ಮಿ ಅದೇ, ಬುದ್ಧಿ ಬೇರೆ. ಹವಳವನ್ನೇ ಚಿವುಟೋಕೆ ಶುರುಮಾಡಿತು. ಆಮೇಲೆ ಬಂದದ್ದು ಬರ್ಗಿಯಾ, ಉಗುರಿನಷ್ಟುದ್ದದ ಬಿಳಿ ಲೋಳೆಹುಳ. ಐಪ್ಟೇಸಿಯಾ ಬಿಟ್ಟು ಬೇರೇನೂ ಮುಟ್ಟದ ಮಡಿವಂತ. ರಾತ್ರಿ ರಾತ್ರಿ ತಿಂದು ತಿಂದು, ನಾವು ಹೊರಡೋ ಹೊತ್ತಿಗೆ ಬಂಡೆ ಪೂರಾ ಖಾಲಿ.

ಈಗ ಬರ್ಗಿಯಾಗೆ ಊಟವಿಲ್ಲ. ಉಪವಾಸ ಸಾಯೋದು ನೋಡೋಕಾಗದೆ ಅಳಿಯಂದಿರು ನನ್ನ ಉಪ್ಪಿನಕಾಯಿಯ ಗಾಜಿನ ಭರಣಿ ತೊಳೆದು, ಸ್ನೇಹಿತರ ಮನೆಯಿಂದ ನಾಲ್ಕು ಐಪ್ಟೇಸಿಯಾ ತಂದು ಬಿಟ್ಟಿದ್ದಾರಂತೆ. ಮೊನ್ನೆ ಫೋನ್ ಮಾಡಿ, ‘ಯಾಕೋ ಭರಣೀಲಿ ಚೆನ್ನಾಗಿ ಬರ್ತಿಲ್ಲ, ಏನು ಹಾಕಲಿ ಅತ್ತೆ?’ ಅಂತ ಕೇಳ್ತಾರೆ ರೀ!