ಅದಕ್ಕೆ ಮುಂಚೆ ಒಂದು ವಿಷಯ

ಮಗ ಕೇಳಿದ್ದು ಇಷ್ಟೇ: ‘ಅಪ್ಪಾ, ಈ ಗಡ್ಡದ ಕುಳ್ಳ ಯಾರು?’

ಗಾಜಿನ ಬೀರುವಿನೊಳಗೆ ಒಂದು ಗೊಂಬೆ. ನಾಲ್ವರು ಕುಳ್ಳರು ಸಿಂಹಾಸನ ಹೊತ್ತಿದ್ದಾರೆ, ಮೇಲೆ ಐದನೆಯವನು ಮುಂದೊಂದು ಭಾರೀ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಾನೆ. ಅಡ್ಡಪಲ್ಲಕ್ಕಿ ಉತ್ಸವವನ್ನು ಯಾರೋ ಅಂಗೈಯಗಲಕ್ಕೆ ಇಳಿಸಿದ ಹಾಗಿತ್ತು. ಅಂಗಡಿಯ ಹುಡುಗ ಬೇರೆ ಗಿರಾಕಿಯ ಜೊತೆಗಿದ್ದ. ಗೋಡೆ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಕೈಯಲ್ಲಿದ್ದ ಚಿಪ್ಸ್ ಪೊಟ್ಟಣವನ್ನು ಮಡಿಚಿ ಜೇಬಿಗಿಟ್ಟರು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು. ಆ ತಯಾರಿ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಹಾರ್ಮೋನಿಯಂ ಎಳೆದುಕೊಳ್ಳುವುದೊಂದೇ ಬಾಕಿ.

‘ಹೇಳ್ತೀನಿ. ಅದಕ್ಕೆ ಮುಂಚೆ ಒಂದು ವಿಷಯ ತಿಳ್ಕೋಬೇಕು,’ ಅಂದರು.

ನಾಟಿಂಗ್‌ಹ್ಯಾಮಿನಲ್ಲಿ ಅವತ್ತು ಕಾರು ನಿಲ್ಲಿಸಲು ಒಂದು ಗಂಟೆಗೆ ದುಡ್ಡು ಕಟ್ಟಿ ಬಂದಿದ್ದೆ. ಕುಳ್ಳನ ಹೆಸರು ಥೋರ್‌ಗ್ರಿಮ್ ಎಂದು ಗೊತ್ತಾಗುವಷ್ಟರಲ್ಲಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು.

ಅವರು ಕಥೆ ಹೇಳುವ ಕ್ರಮವೇ ಹಾಗೆ. ಥೋರ್‌ಗ್ರಿಮ್ ಯಾರು ಎಂದರೆ ಮೊದಲು ಅವನ ಮುಂದಿರುವ ಪುಸ್ತಕ ಯಾವುದು ಅಂತ ತಿಳಿಯಬೇಕು. ಪುಸ್ತಕ ಯಾವುದು ಎಂದರೆ ಎಲ್ಫ್‌ಗಳ ಜೊತೆಗಿನ ಜಗಳ ತಿಳಿಯಬೇಕು. ಆ ಜಗಳ ತಿಳಿಯಲು ಎಲ್ಫ್‌ಗಳ ಮನೆಯೊಳಗಿನ ದಾಯಾದಿ ಕಲಹ ತಿಳಿಯಬೇಕು. ಅದಕ್ಕೂ ಮುಂಚೆ, ನಕ್ಷತ್ರಗಳಾಚೆಯಿಂದ ‘ಓಲ್ಡ್ ಒನ್ಸ್’ ಎಂಬ ಪೂರ್ವಿಕರು ಬಂದು ಭೂಮಿಯನ್ನು ತಿದ್ದಿ ತೀಡಿದ್ದು, ಧ್ರುವಗಳಲ್ಲಿ ಬಾಗಿಲು ಕಟ್ಟಿದ್ದು, ಬಾಗಿಲು ಕುಸಿದು ಕೇಯಾಸ್ ಎಂಬ ಅನಿಷ್ಟ ಒಳನುಗ್ಗಿದ್ದು. ಎಲ್ಲರ ಕಥೆಯೂ ಮುಂದಕ್ಕೆ ಹೋದರೆ ಇವರದು ಹಿಂದಕ್ಕೆ ಹೋಗುತ್ತದೆ. ಮದುವೆ ಊಟ ಹೇಗಿತ್ತು ಎಂದು ಕೇಳಿದರೆ ಹುಡುಗಿಯ ಮುತ್ತಜ್ಜಿಯ ತವರಿನಿಂದ ಶುರುಮಾಡುವ ಜನ ನಮ್ಮಲ್ಲೂ ಇದ್ದಾರಲ್ಲ, ಆ ಜಾತಿ.

ಕೆಲಸದ ಮೇಲೆ ಎರಡು ವರ್ಷಕ್ಕೆಂದು ಈ ಊರಿಗೆ ಬಂದ ನನಗೆ ಇದು ವಾರ್‌ಹ್ಯಾಮರ್ ಎಂಬ, ಗೊಂಬೆ ಸೈನ್ಯ ನಿಲ್ಲಿಸಿ ದಾಳ ಉರುಳಿಸುವ ಯುದ್ಧದಾಟದ ತವರು ಎಂಬುದೇ ಗೊತ್ತಿರಲಿಲ್ಲ. ರಾಬಿನ್ ಹುಡ್ ಊರು ಅಂದುಕೊಂಡು ಬಂದಿದ್ದೆ. ಮಗ ಶಾಲೆಗೆ ಸೇರಿದ ಮೂರನೇ ವಾರಕ್ಕೆ ನಾವು ಆ ಅಂಗಡಿಯಲ್ಲಿದ್ದೆವು. ನಾಲ್ಕನೇ ವಾರಕ್ಕೆ ಆ ಹಿರಿಯರಿಗೆ ನಮ್ಮ ಮನೆಯಲ್ಲಿ ‘ಪುರಾಣಿಕರು’ ಎಂಬ ಹೆಸರು ಬಿದ್ದಿತ್ತು.

ಐವತ್ತೈದು ದಾಟಿರಬೇಕು. ತಲೆಯ ಮುಂಭಾಗ ಖಾಲಿ, ಉಳಿದದ್ದು ಹಿಂದೆ ಜುಟ್ಟು. ಒಗೆದೂ ಒಗೆದೂ ಬೂದಿಬಣ್ಣಕ್ಕೆ ತಿರುಗಿದ ಕಪ್ಪು ಟೀ ಶರ್ಟು. ಬೆನ್ನಚೀಲದಲ್ಲಿ 1987ರ ನಿಯಮಪುಸ್ತಕ, ಅಂದರೆ ಆಟದ ಮೂರನೇ ಆವೃತ್ತಿ. ಹೊಲಿಗೆ ಬಿಟ್ಟ ಹಾಳೆಗಳನ್ನು ಎರಡು ರಬ್ಬರ್‌ಬ್ಯಾಂಡು ಹಿಡಿದಿವೆ. ರಬ್ಬರ್‌ಬ್ಯಾಂಡ್ ಬಿಚ್ಚುವಾಗ ಅವರ ಮುಖ ನೋಡಬೇಕು, ಸಾಲಿಗ್ರಾಮದ ಪೆಟ್ಟಿಗೆ ತೆಗೆಯುವವರ ಮುಖ.

ಇಷ್ಟೆಲ್ಲ ಗೊತ್ತಿರುವ ಮನುಷ್ಯ ಆಡಿದ್ದನ್ನು ಮಾತ್ರ ನಾನು ಒಮ್ಮೆಯೂ ಕಂಡಿಲ್ಲ. ಮನೆಯಲ್ಲಿ ಸಾವಿರಗಟ್ಟಲೆ ಸೈನಿಕರಿದ್ದಾರಂತೆ, ಬಹುಪಾಲು ಪೆಟ್ಟಿಗೆ ಬಿಟ್ಟು ಹೊರಗೆ ಬಂದಿಲ್ಲವಂತೆ. ಯಾಕೆ ಆಡೋದಿಲ್ಲ ಎಂದು ಮಗ ಕೇಳಿದ. ‘ದಾಳಕ್ಕೆ ಚರಿತ್ರೆ ಗೊತ್ತಿರಲ್ಲ ಮರಿ,’ ಅಂದರು. ಹಿಂದೊಮ್ಮೆ ಒಂದು ಪಂದ್ಯದಲ್ಲಿ ಚಕ್ರವರ್ತಿ ಕಾರ್ಲ್ ಫ್ರಾನ್ಜ್, ಗ್ರಿಫನ್ ಮೇಲೆ ಕೂತು ಸಮರಕ್ಕಿಳಿದ ಮಹಾವೀರ, ಹೆಸರಿಲ್ಲದ ಒಂದು ಗಾಬ್ಲಿನ್ ಕೈಲಿ ಸತ್ತನಂತೆ. ದಾಳದಲ್ಲಿ ಒಂದು ಬಿದ್ದದ್ದೇ ಕಾರಣ. ಅವತ್ತಿನಿಂದ ಪುರಾಣಿಕರು ದಾಳ ಮುಟ್ಟಿಲ್ಲ. ಭೀಮನನ್ನು ಉತ್ತರಕುಮಾರ ಕೊಂದ ಎಂದು ಪ್ರಸಂಗ ಬದಲಿಸಿದರೆ ಮೇಳದವರನ್ನು ಊರು ಬಿಡುತ್ತದೆಯೇ? ನನಗಂತೂ ಅವರ ನಿಲುವಿನಲ್ಲಿ ತಪ್ಪು ಕಾಣಲಿಲ್ಲ.

ಎಲ್ಫ್‌ಗಳ ಜೊತೆಗಿನ ಆ ಜಗಳ ಹತ್ತಿಸಿದ ಗಡ್ಡದ ಕಥೆಯನ್ನು ಹೇಳಲೇಬೇಕು, ಯಾಕೆಂದರೆ ನಾನು ಬಿದ್ದದ್ದು ಅಲ್ಲೇ. ಕುಳ್ಳರ ವ್ಯಾಪಾರದ ಗಾಡಿಗಳನ್ನು ಯಾರೋ ದೋಚಿದರು. ದೋಚಿದವರು ಉಲ್ತುವಾನ್ ದ್ವೀಪದ ಎಲ್ಫ್‌ಗಳ ವೇಷ ಹಾಕಿದ್ದ ಅವರದೇ ದಾಯಾದಿಗಳು, ಮಾಲೆಕಿತ್‌ನ ಕಡೆಯವರು. ಕುಳ್ಳರ ದೊರೆ ನ್ಯಾಯ ಕೇಳಲು ರಾಯಭಾರಿಯನ್ನು ಕಳಿಸಿದ. ಎಲ್ಫ್‌ಗಳ ರಾಜ ಎರಡನೇ ಕ್ಯಾಲೆಡಾರ್ ನ್ಯಾಯ ಕೊಡಲಿಲ್ಲ, ರಾಯಭಾರಿಯ ಗಡ್ಡ ಬೋಳಿಸಿ ಅಟ್ಟಿದ. ಕುಳ್ಳನಿಗೆ ಗಡ್ಡವೇ ಮಾನ, ಗಡ್ಡವೇ ವಯಸ್ಸು, ಗಡ್ಡವೇ ಕುಲ. ಅಲ್ಲಿಂದ ಹತ್ತಿದ ಯುದ್ಧ ಶತಮಾನಗಳ ಕಾಲ ಉರಿಯಿತು. ಕ್ಯಾಲೆಡಾರನ ಪ್ರಾಣವೂ ಹೋಯಿತು, ಅವನ ಕಿರೀಟವನ್ನು ಕುಳ್ಳರು ಹೊತ್ತುಕೊಂಡು ಹೋದರು. ಎಲ್ಫ್‌ಗಳು ಇದಕ್ಕೆ ‘ಗಡ್ಡದ ಯುದ್ಧ’ ಎಂದು ಹೆಸರಿಟ್ಟು ನಗುತ್ತಾರೆ. ಕುಳ್ಳರು ‘ಸೇಡಿನ ಯುದ್ಧ’ ಎನ್ನುತ್ತಾರೆ, ನಗುವುದಿಲ್ಲ.

ಥೋರ್‌ಗ್ರಿಮ್‌ನ ಮುಂದಿರುವ ಪುಸ್ತಕದ ಹೆಸರು ದಮ್ಮಾಜ್ ಕ್ರೋನ್. ಕುಳ್ಳರ ಕುಲಕ್ಕೆ ಯಾರ್‍ಯಾರು ಏನೇನು ಅನ್ಯಾಯ ಮಾಡಿದರೋ ಅಷ್ಟೂ ಅದರಲ್ಲಿದೆ, ರಾಜರ ರಕ್ತದಲ್ಲಿ ಬರೆದದ್ದು. ಲೆಕ್ಕ ಚುಕ್ತಾ ಆದ ಮೇಲಷ್ಟೇ ಹೊಡೆದುಹಾಕುವುದು. ಇದನ್ನು ಪುರಾಣಿಕರು ವಿವರಿಸುತ್ತಿದ್ದರೆ ನನಗೆ ನಮ್ಮಜ್ಜಿ ಕಣ್ಣಿಗೆ ಕಟ್ಟಿದಳು. ನನ್ನ ಸೋದರತ್ತೆಯ ಮದುವೆ ಪಂಕ್ತಿಯಲ್ಲಿ ಅಜ್ಜಿಯ ಎಲೆಗೆ ಎರಡನೇ ಸಲ ತುಪ್ಪ ಬರಲಿಲ್ಲವೆಂದು ಬೀಗರ ಮನೆ ಹೊಸ್ತಿಲು ತುಳಿಯದೆ ಮೂವತ್ತು ವರ್ಷ ಕಳೆದವಳು. ಅವಳ ಹತ್ತಿರವೂ ದಮ್ಮಾಜ್ ಕ್ರೋನ್ ಇತ್ತು, ಬರೆದಿಟ್ಟಿರಲಿಲ್ಲ ಅಷ್ಟೇ.

ಪುರಾಣಿಕರ ಮುಂದೆ ಕಂಪನಿಯ ಚರಿತ್ರೆ ಎತ್ತಬಾರದು. ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆಯನ್ನು 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಶುರುಮಾಡಿದ್ದು, 1983ರಲ್ಲಿ ವಾರ್‌ಹ್ಯಾಮರ್ ಹುಟ್ಟಿದ್ದು, 1987ರಲ್ಲಿ ಅದೇ ಜಗಳಗಂಟತನವನ್ನು ಅಂತರಿಕ್ಷಕ್ಕೆ ಏರಿಸಿ 40,000 ಎಂಬ ತಮ್ಮ ಹುಟ್ಟಿದ್ದು, 2024ರ ಕೊನೆಗೆ ಈ ಗೊಂಬೆ ಕಂಪನಿ ಲಂಡನ್ ಷೇರುಪೇಟೆಯ ಮೊದಲ ನೂರರ ಪಟ್ಟಿಗೆ ಸೇರಿದ್ದು, ಇದೆಲ್ಲ ನಾನು ಬೇರೆ ಕಡೆ ತಿಳಿದುಕೊಂಡೆ. ಅವರ ಲೆಕ್ಕದಲ್ಲಿ ಇದು ಯಾವುದೂ ನಡೆದೇ ಇಲ್ಲ. ಅವರ ಪಂಚಾಂಗ ಆಟದ ಲೋಕದ ಮೊದಲ ಚಕ್ರವರ್ತಿ ಸಿಗ್ಮಾರ್‌ನ ಪಟ್ಟಾಭಿಷೇಕದಿಂದ ಶುರು. ಒಂದು ಸಲ ಬ್ಯಾಂಕಿನ ಚೀಟಿ ತುಂಬುತ್ತ ದಿನಾಂಕದ ಜಾಗದಲ್ಲಿ 2522 ಎಂದು ಬರೆದಿದ್ದರಂತೆ. ಹೇಳಿದವನು ಅಂಗಡಿಯ ಹುಡುಗ, ನಂಬುವುದು ನಿಮಗೆ ಬಿಟ್ಟದ್ದು.

ಲೆಂಟನ್‌ನಲ್ಲಿರುವ ಕಂಪನಿಯ ಮುಖ್ಯ ಕಚೇರಿಯ ಜೊತೆಗೇ ವಾರ್‌ಹ್ಯಾಮರ್ ವರ್ಲ್ಡ್ ಎಂಬ ಪ್ರದರ್ಶನಾಲಯ, ಅಲ್ಲೊಂದು ಉಪಾಹಾರದ ಜಾಗ, ಹೆಸರು ಬಗ್‌ಮನ್ಸ್. ಪುರಾಣಿಕರ ಜೊತೆ ಹೋದೆವು. ಮಗ ಹಸಿವು ಎಂದ. ‘ತಿನ್ನೋಣ. ಅದಕ್ಕೆ ಮುಂಚೆ ಬಗ್‌ಮನ್ ಯಾರು ಅಂತ…’ ಬಗ್‌ಮನ್ ಎಂದರೆ ಕುಳ್ಳರಲ್ಲೇ ಹೆಸರಾಂತ ಬಿಯರ್ ಭಟ್ಟಿಯವನು. ಅವನ ಭಟ್ಟಿಯನ್ನು ಗಾಬ್ಲಿನ್‌ಗಳು ಹಾಳುಮಾಡಿದವು, ಅಂದಿನಿಂದ ಅವನು ಅವುಗಳನ್ನು ಬೇಟೆಯಾಡುತ್ತ ಕಾಡು ಸುತ್ತುತ್ತಿದ್ದಾನೆ. ಬರ್ಗರ್ ತಣ್ಣಗಾಯಿತು. ಆ ಕಥೆ ಗೊತ್ತಿದ್ದು ತಿಂದರೆ ತಣ್ಣಗಿದ್ದರೂ ರುಚಿ ಬೇರೆ ಎಂದು ಮಗ ಆಮೇಲೆ ವಾದಿಸಿದ. ರೋಗ ಅಂಟಿದ್ದು ಖಚಿತವಾಯಿತು.

ನಾನು ಮಾತ್ರ ಸುಲಭದ ದಾರಿ ಹುಡುಕುತ್ತಿದ್ದೆ. ಎಲ್ಲಿಂದ ಶುರುಮಾಡಲಿ? ಆಟದ ಕ್ಲಬ್ಬಿನಲ್ಲಿ ಇನ್ನೊಬ್ಬರು ಗುರು ಸಿಕ್ಕರು, 40,000ದ ಪಂಥದವರು. ‘ಹೋರಸ್ ಹೆರೆಸಿ ಓದಿಬಿಡಿ, ಸಾಕು.’ ಎಷ್ಟು ಪುಸ್ತಕ? ಐವತ್ತನಾಲ್ಕು. ಅದು ಮುಗಿದ ಮೇಲೆ ಮುತ್ತಿಗೆಯ ಕಥೆ ಬೇರೆ, ಹತ್ತು ಸಂಪುಟ. ನಾನು ಉಗುಳು ನುಂಗಿದೆ. ಪಕ್ಕದಲ್ಲಿದ್ದ ಪುರಾಣಿಕರು ತುಚ್ಛವಾಗಿ ನಕ್ಕು, ‘ಅದೆಲ್ಲ ಪೀಠಿಕೆ’ ಅಂದರು. ಇಬ್ಬರ ನಡುವೆ ಮಾತಿಗೆ ಮಾತು ಹತ್ತಿತು, ನಾನು ಮೆಲ್ಲಗೆ ಜಾರಿಕೊಂಡೆ.

ಆ ವಾರ ಒಂದು ಹಳೇ ಪುಸ್ತಕದಂಗಡಿಯಲ್ಲಿ ‘ಟ್ರೋಲ್‌ಸ್ಲೇಯರ್’ ಸಿಕ್ಕಿತು. ವಿಲಿಯಂ ಕಿಂಗ್ ಬರೆದದ್ದು, 1999ರದು. ಗಾಟ್ರೆಕ್ ಎಂಬ ಕುಳ್ಳನಿಗೆ ವೀರಮರಣ ಬೇಕು. ಫೀಲಿಕ್ಸ್ ಎಂಬ ಕವಿ ಕುಡಿದ ಅಮಲಿನಲ್ಲಿ ಆ ಸಾವಿನ ಮೇಲೆ ಮಹಾಕಾವ್ಯ ಬರೆಯುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಾನೆ. ಕಷ್ಟವೇನೆಂದರೆ, ಕುಳ್ಳ ಎಂಥ ರಾಕ್ಷಸನ ಬಾಯಿಗೆ ಬಿದ್ದರೂ ಸಾಯುವುದಿಲ್ಲ, ಕವಿಗೆ ಬಿಡುಗಡೆಯೂ ಇಲ್ಲ. ಟ್ರಾಮಿನಲ್ಲಿ ಓದುತ್ತ ಎರಡು ದಿನ ಇಳಿಯುವ ಸ್ಟಾಪು ತಪ್ಪಿಸಿಕೊಂಡೆ. ಪೂರ್ವಿಕರೂ ಬೇಕಾಗಲಿಲ್ಲ, ಧ್ರುವದ ಬಾಗಿಲೂ ಬೇಕಾಗಲಿಲ್ಲ. ಅಂಗಡಿಗೆ ಹೋಗುವಾಗ ಮಾತ್ರ ಪುಸ್ತಕವನ್ನು ಕೋಟಿನೊಳಗೆ ಬಚ್ಚಿಡುತ್ತಿದ್ದೆ, ಪಠ್ಯ ಬಿಟ್ಟು ಗೈಡು ಓದುವ ಹುಡುಗನ ಹಾಗೆ.

ಮಗ ಹಿಡಿದದ್ದು ಇನ್ನೂ ಅಡ್ಡದಾರಿ. ಅವನು ಭೂಗೋಳ ಕಲಿತದ್ದು ಬಣ್ಣದ ಡಬ್ಬಿಗಳಿಂದ. ಹಳದಿಯ ಹೆಸರು ಆವರ್‌ಲ್ಯಾಂಡ್ ಸನ್‌ಸೆಟ್, ಆವರ್‌ಲ್ಯಾಂಡ್ ಕಾರ್ಲ್ ಫ್ರಾನ್ಜ್‌ನ ಸಾಮ್ರಾಜ್ಯದ ಒಂದು ಪ್ರಾಂತ್ಯ. ನೀಲಿಗೆ ಆಲ್ಟ್‌ಡಾರ್ಫ್ ಗಾರ್ಡ್, ಅದು ರಾಜಧಾನಿ. ಮೈಬಣ್ಣದ ನೆರಳಿಗೆ ರೈಕ್‌ಲ್ಯಾಂಡ್. ಕಪ್ಪು ನೀರಿಗೆ ನಲ್ನ್ ಆಯಿಲ್. ನಲ್ನ್ ಎಂದರೆ ಫಿರಂಗಿ ಎರಕದ ಊರು, ಅಲ್ಲಿ ಮಸಿ ಬಿಟ್ಟು ಇನ್ನೇನು ಸಿಕ್ಕೀತು? ಹದಿನೆಂಟು ಮಿಲಿಲೀಟರಿನ ಚೋಟು ಡಬ್ಬಿ. ಅಡುಗೆಮನೆಯ ಮೇಜಿನ ಮೇಲೆ ಅವನು ಕುಂಚ ಅದ್ದಿ ಕುಳ್ಳನೊಬ್ಬನ ಮುಖಕ್ಕೆ ತಾಕಿಸಿದ. ನೀರು ತಾನಾಗಿಯೇ ಸಂದು ಹುಡುಕಿಕೊಂಡು ಹರಿಯಿತು: ಗಡ್ಡದ ಎಳೆ ಎಳೆಯ ನಡುವೆ, ಹುಬ್ಬಿನ ಕೆಳಗೆ, ಕವಚದ ಮೊಳೆಯ ಸುತ್ತ. ಈಗಷ್ಟೇ ಪ್ಲಾಸ್ಟಿಕ್ ಆಗಿದ್ದದ್ದು ಮುಖ ಗಂಟಿಕ್ಕಿ ನಮ್ಮನ್ನು ದುರುಗುಟ್ಟಿ ನೋಡಿತು. ನನ್ನವಳು ಒಗ್ಗರಣೆ ಸೌಟು ಹಿಡಿದೇ ಬಗ್ಗಿ ನೋಡಿದಳು. ‘ರೀ, ಥೇಟ್ ನಿಮ್ಮ ದೊಡ್ಡಪ್ಪ,’ ಅಂದಳು. ಆಮೇಲೆ ಕುಂಚ ತೊಳೆದ ಲೋಟ ಯಾವುದೆಂದು ಕಂಡು ಬೇರೆ ಮಾತು ಆಡಿದಳು.

ಪುರಾಣಿಕರ ಬಳಿ ತಮಾಷೆ ಮಾಡಬಾರದ ಸಂಗತಿ ಒಂದೇ. 2015. ಆ ಮಾತು ಬಂದರೆ ಅವರ ದನಿ ಇಳಿಯುತ್ತದೆ. ಹಿಂದಿನ ವರ್ಷ ಶುರುವಾದ ‘ಎಂಡ್ ಟೈಮ್ಸ್’ ಪುಸ್ತಕಗಳಲ್ಲಿ ಕಂಪನಿಯೇ ಆ ಇಡೀ ಪ್ರಪಂಚವನ್ನು ಒಡೆದು ಮುಗಿಸಿಬಿಟ್ಟಿತು. ಅದರ ಜಾಗಕ್ಕೆ ‘ಏಜ್ ಆಫ್ ಸಿಗ್ಮಾರ್’ ಎಂಬ ಹೊಸ ಲೋಕ ತಂದಿಟ್ಟಿತು. ಚೌಕದ ಪೀಠಗಳ ಮೇಲೆ ನಿಂತಿದ್ದ ಸೈನ್ಯಕ್ಕೆ ದುಂಡು ಪೀಠ ಬಂತು. ಸಿಟ್ಟಿನಲ್ಲಿ ತನ್ನ ಸೈನ್ಯಕ್ಕೆ ಬೆಂಕಿ ಹಚ್ಚಿ ವಿಡಿಯೊ ಮಾಡಿದವನೂ ಇದ್ದ. 2024ರಲ್ಲಿ ಕಂಪನಿ ಮನಸ್ಸು ಬದಲಿಸಿ ‘ದಿ ಓಲ್ಡ್ ವರ್ಲ್ಡ್’ ಹೆಸರಿನಲ್ಲಿ ಹಳೆಯದನ್ನು ವಾಪಸು ತಂದಿತು, ಕಾರ್ಲ್ ಫ್ರಾನ್ಜ್ ಹುಟ್ಟುವುದಕ್ಕೂ ಹಿಂದಿನ ಕಾಲಕ್ಕೆ ಹೋಗಿ. ಖುಷಿಯಾಯಿತೇ ಎಂದು ಕೇಳಿದೆ. ಅವರು ತುಂಬ ಹೊತ್ತು ಯೋಚಿಸಿದರು. ಒಂಬತ್ತು ವರ್ಷ ತಿಥಿ ಮಾಡಿದ ಮೇಲೆ ಸತ್ತವನೇ ಬಂದು ಬಾಗಿಲು ತಟ್ಟಿದರೆ ಒಳಗಿದ್ದವರಿಗೆ ಏನಾದೀತು, ಅದು ಅವರ ಮುಖದಲ್ಲಿತ್ತು.

ಮೊನ್ನೆ ಶನಿವಾರ ಅಂಗಡಿ ಮುಚ್ಚುವ ಹೊತ್ತು. ಮೇಜಿನ ಮೇಲೆ ಭೂಪಟ ಹರಡಿ ಮಗನಿಗೆ ಊರೂರು ತೋರಿಸುತ್ತಿದ್ದರು. ನಗರಗಳ ಕೆಳಗೆ ಇಲಿಮನುಷ್ಯರು ಸುರಂಗ ತೋಡಿದ್ದಾರೆ, ಆದರೆ ಸರ್ಕಾರ ಅಂಥವರು ಇಲ್ಲವೇ ಇಲ್ಲ ಎನ್ನುತ್ತದೆ (ಇಲಿ ಕಾಟಕ್ಕೆ ಎಂದಾದರೂ ಅರ್ಜಿ ಬರೆದವರಿಗೆ ಇದು ಹೊಸದಲ್ಲ). ಇಲ್ಲಿ ಬ್ರೆಟೋನಿಯಾ, ಅಂದರೆ ನಮ್ಮ ಫ್ರಾನ್ಸು, ಅಲ್ಲಿ ಲುಸ್ಟ್ರಿಯಾ, ದಕ್ಷಿಣ ಅಮೆರಿಕ ಇದ್ದ ಹಾಗೆ, ಪೂರ್ವಕ್ಕೆ ಕ್ಯಾಥೇ. ನನ್ನ ಕಣ್ಣು ಅದರ ಬದಿಗೆ ಹೋಯಿತು. ಸಣ್ಣ ಅಕ್ಷರದಲ್ಲಿ ‘ಇಂಡ್’.

‘ಇದು?’ ಎಂದೆ.

‘ಇಂಡ್. ಸಾವಿರ ದೇವರುಗಳ ನಾಡು. ಹುಲಿಮನುಷ್ಯರಿದ್ದಾರೆ. ಮಸಾಲೆ ಬರುತ್ತೆ.’

ಮುಂದಿನದಕ್ಕೆ ಕಾದೆ. ‘ಅದಕ್ಕೆ ಮುಂಚೆ’ ಬರಲಿಲ್ಲ. ಪುರಾಣಿಕರು ಭೂಪಟ ನೋಡಿದರು, ಚೀಲ ನೋಡಿದರು, ರಬ್ಬರ್‌ಬ್ಯಾಂಡಿನ ಪುಸ್ತಕ ಮುಟ್ಟಿ ಬಿಟ್ಟರು. ಇಷ್ಟು ತಿಂಗಳಲ್ಲಿ ಅವರ ಬಾಯಿ ಕಟ್ಟಿದ್ದು ಅದೇ ಮೊದಲು. ಬರೆದವರು ಯಾರೂ ಆ ಕಡೆಗೆ ಸರಿಯಾಗಿ ಹೋಗಿರಲೇ ಇಲ್ಲ. ಅಂಗಡಿಯ ಹುಡುಗ ಹಿಂದಿನ ಸಾಲಿನ ದೀಪ ಆರಿಸಿದ.

ಅವರು ಚೀಲದಿಂದ ಒಂದು ನೋಟುಬುಕ್ಕು ತೆಗೆದು, ಪೆನ್ಸಿಲಿನ ತುದಿ ನೆಕ್ಕಿ, ನನ್ನ ಕಡೆ ತಿರುಗಿದರು. ‘ನೀವು ಆ ಕಡೆಯವರಲ್ಲವಾ. ನಿಮ್ಮಲ್ಲಿ ದೇವರು ಒಟ್ಟು ಎಷ್ಟು?’

ನಾನು ಕುರ್ಚಿ ಎಳೆದುಕೊಂಡೆ.

‘ನಮ್ಮೂರಿಂದಷ್ಟೇ ಹೇಳಲೋ, ಪಕ್ಕದೂರಿಂದೂ ಸೇರಿಸಲೋ?’