ಕಿರುತೆರೆಯ ಶುಶ್ರೂಷಾಮೀಮಾಂಸೆ: ಒಂದು ತಾತ್ವಿಕ ಪ್ರವೇಶಿಕೆ

ಅಥಾತೋ ದಾದೀಜಿಜ್ಞಾಸಾ. ಹೀಗೆ ಸೂತ್ರರೂಪವಾಗಿ ಆರಂಭಿಸದಿದ್ದಲ್ಲಿ ಪಂಡಿತಮಂಡಲಿಯು ಇದನ್ನು ಶಾಸ್ತ್ರವೆಂದು ಅಂಗೀಕರಿಸಲಾರದೆಂಬ ಭೀತಿಯಿಂದಲೂ, ಅಂಗೀಕರಿಸಿದ ಮೇಲೆ ಓದುವ ಗೋಜಿಗೆ ಹೋಗಲಾರದೆಂಬ ಧೈರ್ಯದಿಂದಲೂ ಪ್ರೇರಿತನಾಗಿ, ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಮನೆಮನೆಗಳಲ್ಲಿ ದೀಪ ಹಚ್ಚಿದ ಹೊತ್ತಿನಿಂದ ಊಟದ ಹೊತ್ತಿನವರೆಗೆ ಬೆಳಗುವ ಕಿರುತೆರೆಯ ಮೇಲೆ ಆಸ್ಪತ್ರೆಯೆಂಬ ಸ್ಥಾವರವು ಯಾವ ಪರಿಯಲ್ಲಿ ಗೋಚರಿಸುತ್ತದೆ, ಆ ಸ್ಥಾವರದೊಳಗೆ ನರ್ಸ್ ಎಂಬ ಜಂಗಮವು ಏಕೆ ಕಂಡೂ ಕಾಣುವುದಿಲ್ಲ ಎಂಬೆರಡು ಪ್ರಶ್ನೆಗಳನ್ನು ಈ ಲೇಖಕನು ಬಹುಶಿಸ್ತೀಯ, ಅಂತರ್‌ಪಠ್ಯೀಯ ಹಾಗೂ ಉತ್ತರೋತ್ತರ ಸಂರಚನಾವಾದೀ ಪರಿಪ್ರೇಕ್ಷ್ಯದಲ್ಲಿ ಪರಾಮರ್ಶಿಸಲು ಉದ್ಯುಕ್ತನಾಗಿದ್ದಾನೆ. ಈ ಪದಗಳ ಅರ್ಥವನ್ನು ಕೇಳಬಾರದು. ಕೇಳಿದವರಿಗೆ ಈತನಕ ಯಾವ ವಿಚಾರಸಂಕಿರಣದಲ್ಲಿಯೂ ಉತ್ತರ ದೊರೆತುದಿಲ್ಲ.

ಪ್ರಥಮತಃ ಅಧ್ಯಯನವ್ಯಾಪ್ತಿ. ದೂರದರ್ಶನದಲ್ಲಿ 1991ರಲ್ಲಿ ವಿಜಯಾ ಮೆಹ್ತಾ ಅವರ ‘ಲೈಫ್‌ಲೈನ್’ ಎಂಬ ಆಸ್ಪತ್ರೆಯ ಧಾರಾವಾಹಿ ಬಂದಿತು. 2002ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಸಂಜೀವನಿ’ ಬಂದಿತು. ಅಮೆರಿಕದಲ್ಲಿ 2005ರಲ್ಲಿ ಮೊದಲಾದ ‘ಗ್ರೇಸ್ ಅನಾಟಮಿ’ಯ ಶಸ್ತ್ರವೈದ್ಯರಂತೂ ಶಸ್ತ್ರಕ್ರಿಯೆ ಮತ್ತು ಪ್ರಣಯಗಳ ನಡುವಣ ಬಿಡುವಿನಲ್ಲಿ ನರ್ಸುಗಳ ಕೆಲಸವನ್ನೂ ತಾವೇ ಮಾಡಿ ಮುಗಿಸಿಬಿಡುತ್ತಾರೆ. ನಮ್ಮ ಕನ್ನಡದ ಧಾರಾವಾಹಿಗಳಲ್ಲಿ ಆಸ್ಪತ್ರೆಯ ಕಥೆಗಿಂತ ಕಥೆಯೊಳಗಿನ ಆಸ್ಪತ್ರೆಯೇ ಹೆಚ್ಚು. ಅತ್ತೆಯವರು ಮೆಟ್ಟಿಲಿನಿಂದ ಜಾರಬೇಕು, ಸೊಸೆಗೆ ಸ್ಮೃತಿ ಹೋಗಬೇಕು, ಹೋದ ಸ್ಮೃತಿ ಹಬ್ಬದ ವಾರಕ್ಕೆ ಸರಿಯಾಗಿ ಮರಳಬೇಕು. ಇಷ್ಟಕ್ಕೆ ಬೇಕಾದ ಒಂದು ಮಂಚ, ಒಂದು ಪರದೆ, ಬೀಪ್ ಎನ್ನುವ ಒಂದು ಪೆಟ್ಟಿಗೆ ಇವೇ ಆಸ್ಪತ್ರೆ. ತೂಗಿಬಿಟ್ಟ ಸಲಾಯಿನ್ ಬಾಟಲಿಯಿಂದ ಒಂದು ಹನಿ ಬಿದ್ದುದನ್ನು ಕಂಡವರಿಲ್ಲ.

ಇನ್ನು ವರ್ಗೀಕರಣ. ಹಂಪಿಯ ಹಜಾರರಾಮನ ಗುಡಿಯ ಹೊರಗೋಡೆಯ ಮೇಲೆ ಆನೆ, ಕುದುರೆ, ನರ್ತಕಿಯರ ಮೆರವಣಿಗೆಯನ್ನು ಸಾಲುಸಾಲಾಗಿ ಕಡೆದ ರೂವಾರಿಗಳು ಹೆಸರಿಲ್ಲದ ಎಷ್ಟೋ ಆಕೃತಿಗಳಿಗೆ ಭಂಗಿಯೊಂದನ್ನು ಮಾತ್ರ ಕೊಟ್ಟು ನಿಲ್ಲಿಸಿದ್ದಾರಷ್ಟೆ. ಧಾರಾವಾಹಿಯ ನಿರ್ದೇಶಕರು ಅರಿತೋ ಅರಿಯದೆಯೋ ಅದೇ ಶಿಲ್ಪಮಾರ್ಗವನ್ನು ಹಿಡಿದಿರುವರೆಂಬುದು ನಮ್ಮ ಪ್ರಮೇಯ. ತದನುಸಾರವಾಗಿ ಕಿರುತೆರೆಯ ಶುಶ್ರೂಷಕಿಯು ಸಪ್ತವಿಧ.

ಅವರಲ್ಲಿ ಮೊದಲನೆಯವಳು ದ್ವಾರಪಾಲಿಕೆ. ಐಸಿಯುವಿನ ಗಾಜಿನ ಬಾಗಿಲೇ ಇವಳ ಅಧಿಷ್ಠಾನ. “ಒಳಗೆ ಬಿಡೋ ಹಾಗಿಲ್ಲ” ಎಂಬ ನಿಷೇಧಾತ್ಮಕ ವಾಗ್ವ್ಯಾಪಾರವೊಂದೇ ಇವಳ ಲಕ್ಷಣವಾಗಿದ್ದು, ನಾಯಕನು ಅವಳನ್ನು ಬದಿಗೆ ಸರಿಸಿ ಒಳನುಗ್ಗುವುದರಿಂದ ಪ್ರೇಮದ ಉತ್ಕಟತೆಯು ಸಿದ್ಧಿಸುತ್ತದೆ. ಸೋಂಕು ತಗಲುವ ಸಂಭವವು ಸಿದ್ಧಿಸುವುದಿಲ್ಲ, ಏಕೆಂದರೆ ಸೂಕ್ಷ್ಮಾಣುಗಳೂ ಚಿತ್ರಕಥೆಗೆ ಬದ್ಧವಾಗಿವೆ. ಎರಡನೆಯವಳು ಉದ್ಘೋಷಿಣಿ: “ಡಾಕ್ಟರ್! ಡಾಕ್ಟರ್! ಪೇಷೆಂಟ್ ಕಂಡೀಷನ್ ಸೀರಿಯಸ್!” ಎಂದು ಓಡಿಬಂದು, ಡಾಕ್ಟರು ಓಡಿದ ಬಳಿಕ ಅಂತರ್ಧಾನವಾಗುವವಳು. ಹೃದಯದ ರೇಖೆಯು ನೇರವಾಗಿ ಮಲಗಿದಾಗ ಷಾಕ್ ಕೊಟ್ಟು ಫಲವಿಲ್ಲ, ಎರಡೂ ಕೈಗಳಿಂದ ಎದೆ ಒತ್ತತೊಡಗಬೇಕೆಂಬುದು ನರ್ಸಿಂಗ್ ಶಾಲೆಯ ವಿದ್ಯಾರ್ಥಿನಿಗೂ ಗೊತ್ತು. ಆದರೆ ಉದ್ಘೋಷಿಣಿಗೆ ಗೊತ್ತಿಲ್ಲ, ಅವಳು ಕೈಕಟ್ಟಿ ನಿಂತು ನಾಯಕವೈದ್ಯನು ಷಾಕ್ ಕೊಡುವ ಚಂದವನ್ನು ನೋಡುತ್ತಾಳೆ. ಮೂರನೆಯವಳು ಚಾಮರಧಾರಿಣಿ, ಚಾಮರದ ಬದಲು ಫೈಲು. ನಾಲ್ಕನೆಯವಳು “ಎಸ್ ಡಾಕ್ಟರ್” ಎನ್ನುವ ಅನುಮೋದಿನಿ. ಐದು, ಆರನೆಯವರನ್ನು ವಿಸ್ತರಭಯದಿಂದ ಬಿಟ್ಟಿದೆ; ನಿಜ ಹೇಳುವುದಾದರೆ ಅವರಿಗೆ ಮಾತೂ ಇಲ್ಲ, ಭಂಗಿಯೂ ಇಲ್ಲ.

ಏಳನೆಯವಳಲ್ಲಿ ಮಾತ್ರ ತಡೆದು ನಿಲ್ಲಬೇಕಾಗಿದೆ. ಇವಳು ಕಪಟಪರಿಚಾರಿಕೆ, ಅರ್ಥಾತ್ ಮಾಸ್ಕು ಕಟ್ಟಿಕೊಂಡು ನರ್ಸಿನ ವೇಷದಲ್ಲಿ ಬಂದ ಖಳನಾಯಕಿ. ರೋಗಿಯ ಕೊಠಡಿಗೆ ಒಬ್ಬಳೇ ಬರುತ್ತಾಳೆ, ಬಾಗಿಲನ್ನು ಮೆತ್ತಗೆ ಮುಚ್ಚುತ್ತಾಳೆ, ಮಂಚದ ಬಳಿ ನಿಂತು ರೋಗಿಯ ಮುಖವನ್ನು ಗಮನವಿಟ್ಟು ನೋಡುತ್ತಾಳೆ, ಸಲಾಯಿನಿನ ನಳಿಕೆಯನ್ನು ಪರೀಕ್ಷಿಸುತ್ತಾಳೆ, ಸಿರಿಂಜಿಗೆ ಔಷಧವನ್ನು ಎಳೆದುಕೊಳ್ಳುತ್ತಾಳೆ, ಯಾರಾದರೂ ಬಂದಾರೆಂದು ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಡುತ್ತಾಳೆ. ಈ ಲೇಖಕನು ನೋಡಿದ ಧಾರಾವಾಹಿಗಳಲ್ಲಿ ರೋಗಿಯ ಪಕ್ಕದಲ್ಲಿ ಅತ್ಯಂತ ದೀರ್ಘಕಾಲ ನಿಂತು, ನರ್ಸು ಮಾಡುವ ಕೆಲಸಕ್ಕೆ ಅತ್ಯಂತ ಸಮೀಪವಾದುದನ್ನು ಮಾಡಿದವಳು ಇವಳೊಬ್ಬಳೇ. ಕೊಲೆಯ ಉದ್ದೇಶವಿಲ್ಲದೆ ನರ್ಸೊಬ್ಬಳು ರೋಗಿಯ ಬಳಿ ಅಷ್ಟು ಹೊತ್ತು ಇರುವುದನ್ನು ತೋರಿಸಲು ನಮ್ಮ ಕಥೆಗಾರರಿಗೆ ಕಾರಣವೇ ತೋಚಿಲ್ಲ.

ಇಲ್ಲಿಗೆ ವರ್ಗೀಕರಣವನ್ನು ಕೈಬಿಡುತ್ತೇನೆ. ತಮಾಷೆ ಸಾಕು.

ಫ್ಲಾರೆನ್ಸ್ ನೈಟಿಂಗೇಲಳ ಜನ್ಮದಿನವಾದ ಮೇ 12ರಂದು ನಡೆದ ಸಭೆಯೊಂದರಲ್ಲಿ ಕುಳಿತೆದ್ದು ಬಂದ ಮೇಲೆಯೇ ಈ ಪ್ರಬಂಧದ ಬೀಜ ಮೊಳೆತುದು. ವೇದಿಕೆಯ ತುಂಬ ಕುರ್ಚಿಗಳು. ಅವುಗಳ ತುಂಬ ಗಣ್ಯರು. ನರ್ಸೆಂಬವಳು ವೇದಿಕೆಯ ಮೇಲಿದ್ದುದು ಹಾರದ ತಟ್ಟೆಯನ್ನು ಹಿಡಿದುಕೊಂಡು. ಮುಖ್ಯ ಭಾಷಣಕಾರರು ‘ಸೇವಾಸಂಕಥನದ ಮಾತೃಕೇಂದ್ರಿತ ತಾತ್ವಿಕತೆ’ಯನ್ನು ವಿವೇಚಿಸುತ್ತ, ನರ್ಸು ಮಮತೆಯ ಮೂರ್ತಿ, ಕ್ಷಮೆಯಲ್ಲಿ ಧರಿತ್ರಿ, ಕೈಯಲ್ಲಿ ದೀಪ ಹಿಡಿದ ದೇವತೆ ಎಂದು ಗಂಟೆಗಟ್ಟಲೆ ಕೊಂಡಾಡುತ್ತಿದ್ದರೆ, ಮುಂದಿನ ಸಾಲಿನಲ್ಲಿ ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದ ಹೆಣ್ಣುಮಗಳೊಬ್ಬಳು ತೂಕಡಿಸಿ ಪಕ್ಕದವಳ ಭುಜಕ್ಕೆ ಒರಗಿದ್ದಳು. ನೈಟಿಂಗೇಲಳ ಕೈಯಲ್ಲಿ ದೀಪವಿತ್ತೆಂಬುದು ನಿಜ. ಅಂಕಿಅಂಶಗಳ ಕೋಷ್ಟಕವೂ ಇತ್ತು. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ದಂಡಿನ ಠಾಣೆಗಳಿಂದ ಬಂದ ವರದಿಗಳ ರಾಶಿಯನ್ನು ಓದಿ, ಸಿಪಾಯಿಗಳು ಸಾಯುತ್ತಿರುವುದು ಕೊಳಕು ನೀರಿನಿಂದ, ಚರಂಡಿಯಿಲ್ಲದ ಬಿಡಾರಗಳಿಂದ ಎಂದು 1863ರಲ್ಲಿಯೇ ಸರ್ಕಾರಕ್ಕೆ ಹೇಳಿದವಳು ಅವಳು. ಆ ಕೋಷ್ಟಕದ ಮಾತು ಸಭೆಯಲ್ಲಿ ಬರಲಿಲ್ಲ. ಕೋಷ್ಟಕ ಹಿಡಿದವಳು ಸಂಬಳ ಕೇಳಿಯಾಳು. ದೀಪ ಹಿಡಿದವಳು ಕೇಳಲಾರಳು.

ನಿಜವಾದ ವಾರ್ಡಿನ ರಾತ್ರಿಯೊಂದನ್ನು ಹೇಳುತ್ತೇನೆ. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ದಾರಿಯಲ್ಲಿ ಬೈಕಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿದ್ದ ಹಿರಿಯರೊಬ್ಬರು ನಮ್ಮವರ ಪಕ್ಕದ ಮಂಚದಲ್ಲಿದ್ದರು. ರಾತ್ರಿ ಎರಡರ ಸುಮಾರಿಗೆ ಸಿಸ್ಟರು ಬಂದರು.

“ಏನ್ ಸಿಸ್ಟರಮ್ಮಾ, ಮತ್ತೆ ಎಬ್ಬಿಸ್ತೀರೇನ್ರೀ? ಈಗ ಕಣ್ಣು ಹತ್ತಿತ್ತು ನೋಡ್ರಿ.”

“ಎಬ್ಬಿಸೋದಿಲ್ಲ ಯಜಮಾನ್ರೇ, ಹೊರಳಿಸ್ತೀನಿ. ಬೆನ್ನು ಕೊಡ್ರಿ ಸ್ವಲ್ಪ.”

ಸಿಸ್ಟರೂ ಜೊತೆಗಿದ್ದ ಇನ್ನೊಬ್ಬರೂ ಸೇರಿ ಅವರನ್ನು ದಿಂಡಿನಂತೆ ಒಟ್ಟಾಗಿ ಎಡಮಗ್ಗುಲಿಗೆ ತಿರುಗಿಸಿದರು. ಮೊಣಕಾಲುಗಳ ನಡುವೆ ದಿಂಬಿಟ್ಟರು. ಮೊಬೈಲಿನ ಬೆಳಕಿನಲ್ಲಿ ಟೊಂಕದ ಕೆಳಗೆ, ಹಿಮ್ಮಡಿಗಳಲ್ಲಿ ಚರ್ಮವೇನಾದರೂ ಕೆಂಪಾಗಿದೆಯೇ ಎಂದು ಬೆರಳೊತ್ತಿ ನೋಡಿದರು. ಹಾಸಿಗೆಯ ಸುಕ್ಕನ್ನು ಅಂಗೈಯಿಂದ ಸವರಿ ತೆಗೆದರು. ಚಾರ್ಟಿನಲ್ಲಿ ಹೊತ್ತನ್ನೂ ಮಗ್ಗುಲನ್ನೂ ಬರೆದು ಮುಂದಿನ ಮಂಚಕ್ಕೆ ಹೋದರು. ಎರಡು ತಾಸಿನ ಬಳಿಕ ಬಲಮಗ್ಗುಲು. ಹೀಗೆ ಮಾಡದಿದ್ದರೆ ಬೆಡ್‌ಸೋರು. ಮಾಡಿದರೆ ಏನೂ ಇಲ್ಲ. ಆ ‘ಏನೂ ಇಲ್ಲ’ ಎಂಬುದನ್ನು ಯಾವ ಕ್ಯಾಮೆರಾ ಹಿಡಿದೀತು? ನಾಟಕಕ್ಕೆ ಘಟನೆ ಬೇಕು. ನರ್ಸಿನ ಕಸುಬಿನ ಬಹುಪಾಲು ಘಟನೆಯನ್ನು ಆಗಗೊಡದಿರುವುದು. ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳಿವೆಯೆಂದು ನಾಡಿನ ಬಹುಮಂದಿಗೆ ತಿಳಿದುದು 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯದರ ಸರಪಳಿ ಕಡಿದ ಬಳಿಕ; ಅದಕ್ಕೆ ಮುಂಚಿನ ಎಪ್ಪತ್ತು ವರ್ಷ ಗೇಟುಗಳನ್ನು ಕಾಯ್ದವರು ಯಾವ ಸುದ್ದಿಗೂ ಬರಲಿಲ್ಲ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವಳ ಕೊರಳು ಬಿಗಿದು ಹಲ್ಲೆ ಮಾಡಿದ. ಅವಳು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವಳನ್ನು ನೋಡಿಕೊಂಡವರು ಆ ಆಸ್ಪತ್ರೆಯ ನರ್ಸುಗಳು. ಅವಳಿಗೆ ಉಣಿಸುವುದನ್ನು ನಿಲ್ಲಿಸಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರು ಬೇಡವೆಂದರು. 2011ರ ಮಾರ್ಚಿನಲ್ಲಿ ನ್ಯಾಯಾಲಯವು ಆ ಅರ್ಜಿಯನ್ನು ತಳ್ಳಿಹಾಕಿತು. 37 ವರ್ಷ ಹಾಸಿಗೆ ಹಿಡಿದಿದ್ದವಳ ಮೈಮೇಲೆ ಒಂದು ಬೆಡ್‌ಸೋರೂ ಆಗಿಲ್ಲವೆಂಬುದು ಆಗ ನ್ಯಾಯಾಲಯದ ಮುಂದೆ ಬಂದ ಸಂಗತಿ. ಮೊದಲು ಅವಳ ಮಗ್ಗುಲು ಹೊರಳಿಸಿದವರು ನಿವೃತ್ತರಾದರು. ಅವಳು ನಡೆದಾಡಿದುದನ್ನು ಎಂದೂ ಕಾಣದವರು, ಅವಳು ಬಿದ್ದ ಮೇಲೆ ಹುಟ್ಟಿದವರು, ಆ ಕೆಲಸಕ್ಕೆ ಕೈಹಾಕಿದರು. ಆ ಘೋರವನ್ನು ದೃಶ್ಯವಾಗಿಸಲು ಒಂದು ಎಪಿಸೋಡು ಸಾಕು. ಅದರ ಮುಂದಿನ ನಾಲ್ಕು ದಶಕಗಳ ರಾತ್ರಿಗಳನ್ನು ಯಾವ ಮೀಮಾಂಸೆಯ ಯಾವ ಪರಿಪ್ರೇಕ್ಷ್ಯದಲ್ಲಿ ಇಡಬೇಕೆಂಬುದನ್ನು ಉತ್ತರೋತ್ತರ ಸಂರಚನಾವಾದಿಗಳು ತಿಳಿಸಿಕೊಟ್ಟರೆ ಉಪಕೃತನಾಗುವೆನು.

ಧಾರಾವಾಹಿಯ ನರ್ಸಿಗೆ ಮನೆಯಿಲ್ಲ, ಬಸ್ಸಿಲ್ಲ, ತಿಂಗಳ ಕೊನೆಯಿಲ್ಲ. ನಮ್ಮ ಸೀಮೆಯ ನರ್ಸಿಗೆ ಇವೆಲ್ಲ ಇವೆ. ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಹೊಳೆಯಾಚೆ ಮನೆಯಿರುವವಳು ಬುಕ್ಕಸಾಗರ, ಕಡೇಬಾಗಿಲಿನ ಕಡೆಯಿಂದ ಸುತ್ತುಹಾಕಿ ಡ್ಯೂಟಿಗೆ ಬರಬೇಕು, ಬಂದು ತಡವಾದುದಕ್ಕೆ ಮಾತು ಕೇಳಬೇಕು. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ನರ್ಸಿರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿಯ ವಾರ್ಡಿಗೆ ಹೋಗಿ ಮಂಚಗಳನ್ನೆಣಿಸಿ ನೋಡಿದವರಿಗೆ ಈ ಮಾನದಂಡವು ಕಾವ್ಯದಂತೆ ಕೇಳಿಸುತ್ತದೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ 2016ರಲ್ಲಿ ರಚಿತವಾದ ಸಮಿತಿಯು 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ತಿಂಗಳ ಸಂಬಳವು 20,000 ರೂಪಾಯಿಗೆ ಕಡಿಮೆಯಿರಕೂಡದೆಂದು ಹೇಳಿತು. ಮೂರೋ ನಾಲ್ಕೋ ವರ್ಷ ಓದಿ, ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಸಣ್ಣ ನರ್ಸಿಂಗ್ ಹೋಮುಗಳಲ್ಲಿ ದುಡಿಯುವ ಹುಡುಗಿಯರನ್ನು ಈ ಅಂಕಿಯ ವಿಷಯವಾಗಿ ಯಾರಾದರೂ ವಿಚಾರಿಸಿ ನೋಡಲಿ. ಅವರು ನಗುತ್ತಾರೆ. ಮಾಲೀಕರು ಮಾತ್ರ ಮೇ 12ರಂದು ತಪ್ಪದೆ ಗುಲಾಬಿ ಹೂ ಕೊಡುತ್ತಾರೆ.

ಸಂಶೋಧನಾ ಪ್ರಬಂಧವೆಂದ ಮೇಲೆ ಕಡೆಯಲ್ಲಿ ಶಿಫಾರಸುಗಳಿರಬೇಕಾದುದು ರೂಢಿ. ಧಾರಾವಾಹಿಯವರಲ್ಲಿ ನನ್ನ ಬೇಡಿಕೆಗಳು ಹೆಚ್ಚೇನಿಲ್ಲ. ಆ ನರ್ಸಿಗೊಂದು ಹೆಸರಿಡಿ. ಡಾಕ್ಟರು ಬರೆದ ಔಷಧದ ಪ್ರಮಾಣ ತಪ್ಪಾಗಿದ್ದುದನ್ನು ಅವಳು ಕಂಡುಹಿಡಿದು, ಫೋನು ಮಾಡಿ, ಬೈಸಿಕೊಂಡೂ ಸರಿಪಡಿಸಿದ ಒಂದು ದೃಶ್ಯವನ್ನು ಬರೆಯಿರಿ. ಬರೆಯಲು ಬಾರದಿದ್ದರೆ ಯಾವುದಾದರೂ ವಾರ್ಡಿನಲ್ಲಿ ಒಂದು ರಾತ್ರಿ ಕುಳಿತುಬನ್ನಿ, ಕಥೆ ತಾನಾಗಿ ದೊರೆಯುತ್ತದೆ. ಮತ್ತು ದಯವಿಟ್ಟು ಅವಳ ತಲೆಯ ಮೇಲಿನ ಆ ಬಿಳಿಯ ಟೋಪಿಯನ್ನು ತೆಗೆಸಿ. ನಮ್ಮ ಕಡೆಯ ವಾರ್ಡುಗಳಲ್ಲಿ ಅದನ್ನು ಕಂಡು ಬಹಳ ಕಾಲವಾಯಿತು.