ಇಳಿಜಾರಿನ ಕ್ಯಾಪ್ಟನ್

ಪ್ರತಿ ಬಳಗದಲ್ಲೂ ಒಬ್ಬ ಬೆಟ್ಟದ ಭಾವ ಇರುತ್ತಾರೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗಲೂ ಅವರ ಬಾಯಲ್ಲಿ ಶೂ, ಸ್ಲೀಪಿಂಗ್ ಬ್ಯಾಗು, ಇಷ್ಟು ಸಾವಿರ ಅಡಿ ಅನ್ನುವ ಮಾತೇ. ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ವರ್ಷಾನುಗಟ್ಟಲೆ ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸವೆದ ಜೀವ ಅದು. ದಸರಾ ರಜೆಯಲ್ಲಾದರೂ ತಾನು ಹೇಳಿದ್ದಕ್ಕೆ ತಲೆಯಾಡಿಸುವ ಒಂದು ಪಡೆ ಬೇಕೆಂದು ಹೆಂಡತಿ, ಮಕ್ಕಳು, ನಾದಿನಿ, ಭಾಮೈದ, ಕೊನೆಗೆ ದೊಡ್ಡಮ್ಮನನ್ನೂ ಕಟ್ಟಿಕೊಂಡು ಹಿಮಾಲಯಕ್ಕೆ ಹೊರಡುತ್ತದೆ.

ನಮ್ಮ ಪಾಲಿಗೆ ಬಂದ ಭಾವ ಈ ಸಲ ಆರಿಸಿದ್ದು ಉತ್ತರಾಖಂಡದ ಹರ್ ಕಿ ದೂನ್ ಕಣಿವೆಯನ್ನು. ಹೊರಡುವ ಊರು ಸಾಂಕ್ರಿಯೇ ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರ. ಅಲ್ಲಿಂದ ತಾಲೂಕಾ, ಒಸ್ಲಾ ದಾಟಿ ಕಣಿವೆಯ ತಲೆಗೆ ಹೋದರೆ 3,566 ಮೀಟರ್. ಎದುರಿಗೆ 6,252 ಮೀಟರಿನ ಸ್ವರ್ಗಾರೋಹಿಣಿ. ಪಾಂಡವರು ಸ್ವರ್ಗಕ್ಕೆ ಹೋದದ್ದು ಇದೇ ಶಿಖರದ ದಾರಿಯಲ್ಲಿ ಅಂತ ಅಲ್ಲಿನವರ ನಂಬಿಕೆ. ಹತ್ತುವಷ್ಟು ದಿನ ಭಾವ ಹೇಗಿದ್ದರು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ನಸುಕಿನಲ್ಲಿ ಪೀಪಿ, ಮಧ್ಯಾಹ್ನ ಭಾಷಣ, ರಾತ್ರಿ ತಾರೆಗಳ ಪರಿಚಯ. ಇಂಥವರನ್ನು ನಿಜವಾಗಿ ನೋಡಬೇಕಾದದ್ದು ಕೊನೆಯ ಎರಡು ಮೂರು ದಿನಗಳಲ್ಲಿ, ಇಳಿಯುವಾಗ.

ನಾಯಕತ್ವ ಏನಿದ್ದರೂ ಏರುದಾರಿಯ ಕಸುಬು. ಹತ್ತುವಾಗ ಮಿಕ್ಕವರ ಏದುಸಿರೇ ನಾಯಕನ ಬಂಡವಾಳ. ಇಳಿಯುವಾಗ ಎಲ್ಲರಿಗೂ ಉಸಿರಿರುತ್ತದೆ, ದಾರಿ ಗೊತ್ತಿರುತ್ತದೆ, ಮಕ್ಕಳು ಓಡುತ್ತಾರೆ. ಪಾಂಡವರಾದರೋ ಹೋದವರು ವಾಪಸ್ ಇಳಿದು ಬರಲಿಲ್ಲವಾದ್ದರಿಂದ ಇಳಿಜಾರಿನಲ್ಲಿ ಹಿರಿಯನಾದವನು ಏನು ಮಾಡಬೇಕು ಅನ್ನುವುದಕ್ಕೆ ಮಹಾಭಾರತದಲ್ಲೂ ಆಧಾರವಿಲ್ಲ. ನಮ್ಮ ಕುಮಾರವ್ಯಾಸನಂತೂ ಗದಾಪರ್ವಕ್ಕೇ ಕೈಮುಗಿದು ಎದ್ದುಬಿಟ್ಟ. ಹತ್ತಿಸುವ ತಂಟೆಗೂ ಹೋಗಲಿಲ್ಲ.

ಕೆಲಸವಿಲ್ಲದ ಕ್ಯಾಪ್ಟನ್ ಕೆಲಸ ಹುಟ್ಟಿಸಿಕೊಳ್ಳುತ್ತಾನೆ. ಧರ್ಮರಾಯ ಬಿದ್ದವರನ್ನು ತಿರುಗಿ ಕೂಡ ನೋಡದೆ ನಡೆದನಂತೆ. ನಮ್ಮ ಭಾವ ಹತ್ತು ಹೆಜ್ಜೆಗೊಮ್ಮೆ ತಿರುಗಿ ತಲೆ ಎಣಿಸತೊಡಗಿದರು. ಲೆಕ್ಕ ಯಾವಾಗಲೂ ಒಂದು ಕಡಿಮೆ. ದೊಡ್ಡಮ್ಮ ಹಿಂದೆ ಬಿದ್ದಿದ್ದಾರೆ ಅಂತ ಅವರು ಗಾಬರಿಯಾಗುವುದು, ದೊಡ್ಡಮ್ಮ ಎರಡು ತಿರುವು ಮುಂದೆ ಹೇಸರಗತ್ತೆಯವನ ಜೊತೆ ಮಾತಾಡಿಕೊಂಡು ಹೋಗುತ್ತಿರುವುದು. ಆಕೆಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಅವನ ಮನೆಯಲ್ಲಿ ರಾಜ್ಮಾ ಎಷ್ಟು ಬೆಳೆಯಿತು, ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ ಎಲ್ಲವೂ ಆಕೆಗೆ ಗೊತ್ತು. ಒಸ್ಲಾದಿಂದ ಒಂದು ನಾಯಿಯೂ ಜೊತೆಯಾಯಿತು. ‘ನೋಡಿದ್ರಾ, ನಾಯಿ! ಧರ್ಮರಾಯನ ಹಿಂದೆ ಬಂದ ಹಾಗೆ!’ ಎಂದು ಭಾವ ಎದೆಯುಬ್ಬಿಸಿದರು. ಅದು ಇವರನ್ನು ದಾಟಿಕೊಂಡು ಹೋಗಿ ದೊಡ್ಡಮ್ಮನ ಬಿಸ್ಕತ್ತಿನ ಪೊಟ್ಟಣದ ಹಿಂದೆ ನಡೆಯಿತು.

ಇನ್ನೊಂದು ಅಸ್ತ್ರ ಆಕ್ಸಿಮೀಟರು. ಮೇಲಿದ್ದಾಗ ಬೆಳಗ್ಗೆ ಸಂಜೆ ಎಲ್ಲರ ಬೆರಳನ್ನೂ ಅದರ ಬಾಯಿಗೆ ಕೊಟ್ಟು, 88, 90 ಎಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅದು ಸರಿಯೇ, ಎತ್ತರದಲ್ಲಿ ಗಾಳಿ ತೆಳುವಾಗಿ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಒಂದು ಕಣ್ಣಿಟ್ಟಿರಬೇಕು. ಇಳಿಯತೊಡಗಿದರೆ ಅದು ತಾನಾಗಿ ಏರುತ್ತದೆ. ಭಾವ ಮಾತ್ರ ಅದನ್ನು ತಮ್ಮ ಕೈಗುಣ ಎಂದುಕೊಂಡರು. ಪ್ರತಿ ತಂಗುದಾಣದಲ್ಲೂ ಸಾಲು ನಿಲ್ಲಿಸಿ ‘94! ಚೇತರಿಕೆ!’, ‘96! ಒಳ್ಳೆ ಚೇತರಿಕೆ!’ ಎಂದು ಕೂಗುವುದು. ಚಹಾ ತಂದಿಟ್ಟ ಗುಡಾರದ ಹುಡುಗನ ಬೆರಳನ್ನೂ ಬಿಡಲಿಲ್ಲ. ಆ ಕಣಿವೆಯಲ್ಲೇ ಹುಟ್ಟಿ ಬೆಳೆದ ಹುಡುಗ, ಪಾಪ, ಚೇತರಿಸಿಕೊಂಡೆನೆಂದು ನಕ್ಕು ಹೋದ.

ನ್ಯಾಯವಾಗಿ ಹೇಳಬೇಕೆಂದರೆ ಭಾವನ ಒಂದು ಮಾತು ನೂರಕ್ಕೆ ನೂರು ನಿಜ. ಇಳಿಯುವ ಮುಂಚೆ ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿದು ಕಟ್ಟಬೇಕು, ಉಗುರು ಕತ್ತರಿಸಿರಬೇಕು. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಜ್ಜೆಗೊಮ್ಮೆ ಹೆಬ್ಬೆರಳು ಶೂವಿನ ಮೂತಿಗೆ ಗುದ್ದುತ್ತದೆ. ಮೊಣಕಾಲಿಗೂ ತೊಡೆಗೂ ಹತ್ತುವುದಕ್ಕಿಂತ ಇಳಿಯುವುದರಲ್ಲೇ ಹೆಚ್ಚು ಪೆಟ್ಟು, ಏಕೆಂದರೆ ಒಂದೊಂದು ಹೆಜ್ಜೆಗೂ ಮೈಭಾರಕ್ಕೆ ಬ್ರೇಕು ಹಾಕುವುದು ಅವೇ. ಇದನ್ನು ಒಮ್ಮೆ ಹೇಳಿದ್ದರೆ ಎಲ್ಲರೂ ಕೇಳುತ್ತಿದ್ದರು. ಗಂಟೆಗೊಮ್ಮೆ ಹೇಳಿದ್ದರಿಂದ ಯಾರೂ ಕೇಳಲಿಲ್ಲ. ತಂಗಿಯ ಎರಡೂ ಹೆಬ್ಬೆರಳ ಉಗುರು ಮಾರನೆಯ ಸಂಜೆಗೆ ನೇರಳೆಹಣ್ಣಾಗಿದ್ದವು. ‘ಹೇಳಿದ್ನಾ ಇಲ್ವಾ?’ ಎಂದು ಅದರ ಫೋಟೋ ತೆಗೆದುಕೊಂಡಾಗ ಭಾವನ ಮುಖದಲ್ಲಿ ಸ್ವರ್ಗಾರೋಹಿಣಿಯನ್ನು ಕಂಡಾಗಲೂ ಇರದಿದ್ದ ಕಳೆ.

ಇನ್ನು ಕೋಡುಬಳೆಯ ಪ್ರಕರಣ. ಬೆಂಗಳೂರಿನಿಂದ ಹೊರಡುವಾಗ ಅಕ್ಕ ಕರಿದು ತುಂಬಿದ ದೊಡ್ಡ ಡಬ್ಬಿಯನ್ನು ಭಾವ ‘ಎಮರ್ಜೆನ್ಸಿ ರೇಷನ್’ ಎಂದು ಘೋಷಿಸಿ ತಮ್ಮ ಚೀಲದ ತಳಕ್ಕೆ ಸೇರಿಸಿದ್ದರು. ಮಳೆ ಬಂದರೂ ತೆಗೆಯಲಿಲ್ಲ, ಮಕ್ಕಳು ಅತ್ತರೂ ತೆಗೆಯಲಿಲ್ಲ. ಕೊನೆಯ ಬಿಡಾರದಲ್ಲಿ, ಇನ್ನು ಎಮರ್ಜೆನ್ಸಿ ಬರುವ ಲಕ್ಷಣವಿಲ್ಲವೆಂದು ಖಾತ್ರಿಯಾದ ಮೇಲೆ, ಎಲ್ಲರನ್ನೂ ಸುತ್ತ ಕೂರಿಸಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಒಂದೂ ಇಡೀ ಬಳೆ ಇರಲಿಲ್ಲ. ಕೆಂಪಗೆ, ಘಮಘಮ, ತರಿತರಿ ಹಿಟ್ಟು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ತನ್ನ ಕೈಚೀಲದಿಂದ ಒಂದು ಸಣ್ಣ ಎಣ್ಣೆ ಬಾಟಲಿ ತೆಗೆದು, ಅಡುಗೆಯವನ ಹತ್ತಿರ ಈರುಳ್ಳಿ ಹೆಚ್ಚಿಸಿಕೊಂಡು ಬಂದು, ಹಿಟ್ಟಿನ ಮೇಲೆ ಸುರಿದು ಕಲಸಿದರು. ಅಡುಗೆಯವನೂ ಒಂದು ಹಿಡಿ ತಿಂದು, ಇದರ ಹೆಸರೇನು ಎಂದು ಕೇಳಿದ. ಭಾವ ತಡಮಾಡದೆ ‘ಮೌಂಟೆನ್ ಮಿಕ್ಸ್’ ಎಂದರು. ಮುಂದಿನ ಸಲ ಹೀಗೇ ಪುಡಿ ಮಾಡಿಕೊಂಡೇ ತರುವುದೆಂದು ಅಲ್ಲೇ ತೀರ್ಮಾನವೂ ಆಯಿತು.

ತಾಲೂಕಾ ಬಂತು, ಸಾಂಕ್ರಿಯೂ ಬಂತು. ಗೈಡಿಗೆ, ಅಡುಗೆಯವನಿಗೆ, ಹೇಸರಗತ್ತೆಯವನಿಗೆ ಭಕ್ಷೀಸು ಕೊಡುವ ಮುನ್ನ ಭಾವ ಹಿಂದಿಯಲ್ಲಿ ಮಾಡಿದ ವಿದಾಯದ ಭಾಷಣದಲ್ಲಿ ‘ಹಮ್ ಸಬ್’ ಮತ್ತು ‘ಹಿಮಾಲಯ್’ ಬಿಟ್ಟರೆ ಮಿಕ್ಕದ್ದೆಲ್ಲ ಕನ್ನಡವೇ. ಗೈಡು ಕಣ್ಣೊರೆಸಿಕೊಂಡ. ಅದು ಧೂಳು ಅಂತ ಅಕ್ಕನ ವಾದ.

ಡೆಹರಾಡೂನಿಗೆ ಜೀಪಿನಲ್ಲಿ ಬರೋಬ್ಬರಿ ಒಂದು ಹಗಲಿನ ದಾರಿ. ಪುರೋಲಾ ಮುಟ್ಟುವ ಹೊತ್ತಿಗೆ ಫೋನಿಗೆ ಜೀವ ಬಂದಿತ್ತು, ಭಾವನಿಗೂ. ಮುಂದಿನ ಸೀಟಿನಿಂದ ಒಬ್ಬೊಬ್ಬರಿಗೇ ಕರೆ. ಪುರೋಲಾದಲ್ಲಿ ನಾವು ಹೋಗಿದ್ದು ‘ಹನ್ನೆರಡು ಸಾವಿರ ಅಡಿ’. ಸುಳ್ಳಲ್ಲ, ಮುನ್ನೂರು ಅಡಿ ಕೈಗಡ ಅಷ್ಟೆ. ನೌಗಾಂವ್ ದಾಟಿದಾಗ ‘ಹದಿಮೂರರ ಹತ್ತಿರ ಹತ್ತಿರ’. ಯಮುನೆ ಪಕ್ಕಕ್ಕೆ ಬಂದ ಮೇಲೆ ಹಿಮಪಾತವೂ ಸೇರಿಕೊಂಡಿತು. ನಾವು ಕೆಳಗಿಳಿದಷ್ಟೂ ಬೆಟ್ಟ ಮೇಲೇರುತ್ತಿತ್ತು. ‘ರೀ, ಬೆಂಗಳೂರು ಬರೋ ಹೊತ್ತಿಗೆ ಆಕ್ಸಿಜನ್ ಸಿಲಿಂಡರ್ ಬೇಕಾಗತ್ತೆ, ಸಾಕು ಇಡಿ’ ಎಂದಳು ಅಕ್ಕ.

ಭಾವ ಫೋನ್ ಇಟ್ಟು ಮತ್ತೆ ಕ್ಯಾಪ್ಟನ್ ಆದರು. ಕೆಂಪ್ಟಿಯಿಂದ ಮಸ್ಸೂರಿಗೆ ಏರುವ ತಿರುವುಗಳು ಶುರುವಾಗುವ ಮುಂಚೆ ಎಲ್ಲರಿಗೂ ಒಂದೊಂದು ಅವೊಮಿನ್ ಮಾತ್ರೆ, ಎರಡೆರಡು ಗುಟುಕು ನೀರು. ‘ನೀವು?’ ಎಂದು ಕೇಳಿದ್ದಕ್ಕೆ, ಅಷ್ಟು ಎತ್ತರ ನೋಡಿ ಬಂದವನಿಗೆ ಇದೆಲ್ಲ ಯಾಕಪ್ಪಾ ಎಂದು ನಕ್ಕರು. ನಾಲ್ಕನೆಯ ತಿರುವಿನಲ್ಲಿ ನಗು ನಿಂತಿತು. ಐದನೆಯದರಲ್ಲಿ ಟೋಪಿ ತೆಗೆದರು. ಏಳನೆಯದರಲ್ಲಿ ಜೀಪನ್ನೇ ನಿಲ್ಲಿಸಿ ರಸ್ತೆಯಂಚಿನ ಕಲ್ಲುಕಟ್ಟೆ ಹಿಡಿದು ಬಗ್ಗಿದರು.

ಅಕ್ಕ ಬೆನ್ನು ನೀವಿದಳು, ದೊಡ್ಡಮ್ಮ ನಿಂಬೆಹಣ್ಣು ಕೊಟ್ಟರು. ಅಕ್ಕನ ಕಿರಿಮಗ ಸದ್ದಿಲ್ಲದೆ ಜೀಪಿನೊಳಗಿಂದ ಆಕ್ಸಿಮೀಟರು ತಂದು, ಅಪ್ಪನ ಬೆರಳು ಹಿಡಿದು ಸಿಕ್ಕಿಸಿ, ಅಂಕಿ ನಿಲ್ಲುವ ತನಕ ಕಾದ.

‘98 ಅಪ್ಪಾ. ಒಳ್ಳೆ ಚೇತರಿಕೆ. ಹತ್ತಿ, ಹೊತ್ತಾಯ್ತು.’